ಹುಳುಮನೆಯ ಕಂಪ್ಯೂಟರು

ನಮ್ಮ ಮನೆಯಲ್ಲಿ ತಂಪೆಲ್ಲ ಹುಳಗಳ ಪಾಲಾಗಿತ್ತು. ಕಲ್ಲುಚಪ್ಪಡಿ ಹೊದಿಸಿದ ದೊಡ್ಡ ಮನೆ ಬೇಸಿಗೆಯಲ್ಲಿ ಕಾದ ಕಾವಲಿಯಂತಿರುತ್ತಿತ್ತು. ನಾವು ಮನುಷ್ಯರು ಅದರೊಳಗೆ ಬೀಸಣಿಗೆ ಹಿಡಿದು ಹೊರಳಾಡುತ್ತಿದ್ದೆವು. ಅಂಗಳದಾಚೆಯ ಹುಳುಮನೆಗೆ ಮಾತ್ರ ದಪ್ಪ ಮಣ್ಣಿನ ಗೋಡೆ, ನಾಡಹೆಂಚಿನ ಸೂರು, ಕಿಟಕಿಗಳಿಗೆ ನೀರು ಚಿಮುಕಿಸಿದ ಗೋಣಿತಾಟು. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಸ್ವಲ್ಪ ಹೊತ್ತು ಏನೂ ಕಾಣುತ್ತಿರಲಿಲ್ಲ. ಮೊದಲು ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತಿತ್ತು, ಆಮೇಲೆ ಸದ್ದು. ಅಟ್ಟಣೆಯ ತುಂಬ ಜೋಡಿಸಿದ ಬಿದಿರು ತಟ್ಟೆಗಳಲ್ಲಿ ರೇಷ್ಮೆಹುಳಗಳು ಸೊಪ್ಪು ಮೇಯುವ ಸದ್ದು, ಯಾರೋ ಹೊಸ ಸೀರೆಯೊಂದನ್ನು ಬಿಚ್ಚಿ ಬಿಚ್ಚಿ ಮಡಿಸುತ್ತಿರುವ ಹಾಗೆ. ಶಾಲೆಯಿಂದ ಬಂದವಳು ಕೈಕಾಲು ತೊಳೆದು ಅಲ್ಲಿನ ಸಗಣಿ ಸಾರಿಸಿದ ನೆಲದ ಮೇಲೆ ಅಂಗಾತ ಮಲಗಿಬಿಡುತ್ತಿದ್ದೆ. ಎಚ್ಚರವೋ ನಿದ್ದೆಯೋ ಗೊತ್ತಾಗದ ಆ ಹೊತ್ತು ಎಷ್ಟು ಉದ್ದವಿರುತ್ತಿತ್ತೋ, ಅಮ್ಮ ಬಂದು ಕೂಗುವಷ್ಟರಲ್ಲಿ ನನ್ನ ಕೂದಲಲ್ಲಿ ಸೊಪ್ಪಿನ ಚೂರು ಉದುರಿರುತ್ತಿದ್ದವು.

ಆ ಕೋಣೆಗೆ ಅದರದೇ ಕಟ್ಟುಪಾಡುಗಳಿದ್ದವು. ಮಲ್ಲಿಗೆ ಮುಡಿದು ಒಳಗೆ ಹೋಗುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಒಗ್ಗರಣೆಯ ಘಾಟು ಆ ಕಡೆ ಹಾಯಬಾರದೆಂದು ಅಮ್ಮ ಅಡುಗೆಮನೆಯ ಕಿಟಕಿ ಮುಚ್ಚಿಕೊಂಡು, ಬೆವರು ಒರೆಸುತ್ತ ಅವರೆಕಾಳು ಸಾರು ಮಾಡುತ್ತಿದ್ದಳು. ಪೊರೆ ಬಿಡುವ ಮುಂಚೆ ಹುಳಗಳು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳ ಜ್ವರಕ್ಕೆ ಕೂತ ದಿನ ಹುಳುಮನೆ ಇದ್ದಕ್ಕಿದ್ದಂತೆ ಮೌನವಾಗಿ, ಮನೆಯವರೆಲ್ಲ ತಾವಾಗಿಯೇ ಪಿಸುಮಾತಿಗೆ ಇಳಿಯುತ್ತಿದ್ದರು. ಈ ಎಲ್ಲದರ ಯಜಮಾನ ತಾತ, ಅಪ್ಪನ ಅಪ್ಪ. ಹಗಲು ಹುಳ, ಶನಿವಾರ ಸಂಜೆ ಭಜನೆ, ಇವೆರಡೇ ಅವನ ಲೋಕ. ಊರಿನ ಭಜನೆ ತಂಡಕ್ಕೆ ಮೊದಲ ಗಂಟಲು ಅವನದು. ಅರ್ಧ ತೆಲುಗು ಅರ್ಧ ಕನ್ನಡದ ಆ ಹಾಡುಗಳನ್ನು ಅವನಿಗೆ ಅವನ ಅಪ್ಪ ಬಾಯಲ್ಲೇ ಕಲಿಸಿದ್ದ. ಎಲ್ಲೂ ಬರೆದಿಟ್ಟಿರಲಿಲ್ಲ.

ಆ ಕೋಣೆಗೆ ಕಂಪ್ಯೂಟರು ಬಂದದ್ದು ವನಜತ್ತೆಯ ಜೊತೆ. ವನಜತ್ತೆ ಅಪ್ಪನ ತಂಗಿ. ಗೌರಿಬಿದನೂರಿಗೆ ಮದುವೆಯಾಗಿ ಹೋಗಿದ್ದವಳು ಅಲ್ಲಿ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಪ್ರೆಸ್ಸಿನಲ್ಲಿ ಕನ್ನಡ ಟೈಪು ಮಾಡುವ ಕೆಲಸ ಹಿಡಿದಿದ್ದಳು. ಒಂದು ಮಧ್ಯಾಹ್ನ ಗಂಡನ ಮನೆ ಬಿಟ್ಟು ಬಂದಳು. ಯಾಕೆ ಅಂತ ನನಗೆ ಆಗ ಯಾರೂ ಹೇಳಲಿಲ್ಲ; ಅವಳು ಇವತ್ತಿಗೂ ಹೇಳಿಲ್ಲ. ಪ್ರೆಸ್ಸಿನವರು ಹೊಸ ಯಂತ್ರ ತಂದು ಹಳೆಯದನ್ನು ಮೂಲೆಗೆ ತಳ್ಳಿದ್ದರಂತೆ, ಅದನ್ನೇ ಕೇಳಿ ಇಸಿದುಕೊಂಡಿದ್ದಳು. ಗೌರಿಬಿದನೂರಿಂದ ಚಿಕ್ಕಬಳ್ಳಾಪುರ, ಅಲ್ಲಿ ಬಸ್ಸು ಬದಲಿಸಿ ಶಿಡ್ಲಘಟ್ಟ, ಅಲ್ಲಿಂದ ಚಿಂತಾಮಣಿ ರಸ್ತೆಯ ನಮ್ಮೂರಿಗೆ ಆಟೋ. ಮಾನಿಟರನ್ನು ದುಪ್ಪಟಿಯಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಅಜ್ಜಿ ಗಡಿಯಾಚೆಯ ಊರಿನವಳು, ಗಾಬರಿಯಾದರೆ ಅವಳ ಬಾಯಿಗೆ ಬರುತ್ತಿದ್ದದ್ದು ತೆಲುಗೇ. ಆಟೋದ ಹತ್ತಿರ ಓಡಿದವಳು ಆ ಗಂಟು ನೋಡಿ ಎದೆ ಹಿಡಿದುಕೊಂಡಳು.

"ಎವರಿ ಬಿಡ್ಡೇ ಇದಿ?"

"ಬಿಡ್ಡ ಕಾದಮ್ಮಾ, ಕಂಪ್ಯೂಟರು," ಅಂದಳು ಅತ್ತೆ. ಯಾರ ಮಗುವೂ ಅಲ್ಲ ಅಂತ ಗೊತ್ತಾದ ಮೇಲೆ ಅಜ್ಜಿ ನಗುವುದಕ್ಕೂ ಅಳುವುದಕ್ಕೂ ಒಟ್ಟಿಗೇ ಶುರು ಮಾಡಿದಳು.

ತಾತ ಜಗಲಿಯಿಂದ ಎದ್ದು ಹುಳುಮನೆಗೆ ಹೋದ. ಬೈಯಲಿಲ್ಲ, ಏನಾಯಿತೆಂದು ಕೇಳಲಿಲ್ಲ. ಅವಳ ಜೊತೆ ಮಾತು ನಿಲ್ಲಿಸಿದ, ಅಷ್ಟೆ. ಬೀಗರಿಗೆ ಮಾತು ಕೊಟ್ಟವನು ಅವನೇ ಆಗಿದ್ದರಿಂದ ತನ್ನ ಮಾತೇ ಮುರಿಯಿತೆಂದು ಅವನಿಗೆ ಅನ್ನಿಸಿರಬೇಕು ಎಂದು ಈಗ ಊಹಿಸುತ್ತೇನೆ. ಆಗ ನನಗೆ ಕಂಡದ್ದು ಇಷ್ಟೇ: ಮಧ್ಯಾಹ್ನ ತಾತ ಮುದ್ದೆ ಉಂಡು ಕೈತೊಳೆದು ಹೊರಗೆ ಹೋದ ಮೇಲೆಯೇ ಅತ್ತೆ ಅಡುಗೆಮನೆಗೆ ಬರುತ್ತಿದ್ದಳು.

ಕಂಪ್ಯೂಟರನ್ನು ಮೊದಲು ನಡುಮನೆಯಲ್ಲಿಟ್ಟರು. ಬಿಸಿಲೇರಿದರೆ ಅದು ಮಾತು ಕೇಳುತ್ತಿರಲಿಲ್ಲ; ಪರದೆಯ ಮೇಲಿನ ಅಕ್ಷರಗಳು ನಿಂತಲ್ಲೇ ನಿಂತುಬಿಡುತ್ತಿದ್ದವು. ತಂಪು ಬೇಕು ಅಂದಳು ಅತ್ತೆ. ಊರಿಗೆಲ್ಲ ತಂಪಿರುವುದು ಒಂದೇ ಜಾಗದಲ್ಲಿ. ಅಮ್ಮನಿಗೆ ರೇಗಿತು.

"ಹುಳಕ್ಕೆ ಅಂತ ನಾನು ಒಂದು ಮೊಳ ಹೂವು ಮುಡಿಯಂಗಿಲ್ಲ. ಈ ಡಬ್ಬಕ್ಕೆ ಮಾತ್ರ ಅಲ್ಲಿ ಜಾಗ ಕೊಡಬೇಕಾ?"

ಅತ್ತಿಗೆ ನಾದಿನಿಯರ ಈ ಜಗಳ ಒಂದು ವಾರ ಹರಿದಾಡಿ, ಕೊನೆಗೆ ಅಪ್ಪ ಯಾರನ್ನೂ ಕೇಳದೆ ಹುಳುಮನೆಯ ಬಾಗಿಲ ಪಕ್ಕದ ಮೂಲೆಗೆ ಒಂದು ಹಳೆಯ ಮೇಜು ಎಳೆದು ಹಾಕಿದ. ತಾತ ಸೊಪ್ಪು ಕತ್ತರಿಸುತ್ತ ಕೂತಿದ್ದ. ತಲೆಯೆತ್ತದೆ ನನ್ನನ್ನು ಕರೆದ.

"ಲಲ್ಲೀ, ಅವಳಿಗೇಳು. ಅದೇನಾದ್ರೂ ವಾಸ್ನೆ ಬಿಟ್ರೆ ಈಗಿಂದೀಗ್ಲೇ ಹೊರಕ್ಕೆ."

ಅತ್ತೆ ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದಳು.

"ಲಲ್ಲೀ, ನಿಮ್ ತಾತಂಗೇಳು. ವಾಸ್ನೆ ಇಲ್ಲ, ಹೊಗೆ ಇಲ್ಲ. ಸೊಪ್ಪೂ ತಿನ್ನಲ್ಲ."

ಹೀಗೆ ನನಗೆ ಕೆಲಸ ಸಿಕ್ಕಿತು. ಒಂದೇ ಕೋಣೆಯಲ್ಲಿದ್ದ ಇಬ್ಬರ ಮಾತನ್ನು ಅತ್ತಿಂದಿತ್ತ ದಾಟಿಸುವುದು. ಇಬ್ಬರಿಗೂ ಕಿವಿ ಚೆನ್ನಾಗಿಯೇ ಇತ್ತು; ಆದರೂ ನಾನು ಮತ್ತೆ ಹೇಳುವ ತನಕ ಕೇಳಿಸಿಲ್ಲವೆಂಬಂತೆ ಕಾಯುತ್ತಿದ್ದರು. ಸ್ವಲ್ಪ ದಿನಕ್ಕೆ ನನಗೊಂದು ಉಪಾಯ ಹೊಳೆಯಿತು. ದಾಟಿಸುವಾಗ ಮುಳ್ಳು ತೆಗೆಯಬಹುದು. "ಈಗಿಂದೀಗ್ಲೇ ಹೊರಕ್ಕೆ" ಎಂಬುದು ನನ್ನ ಬಾಯಲ್ಲಿ "ಬೇರೆ ಕಡೆ ಇಡಣ ಅಂತಾನೆ ತಾತ" ಆಗುತ್ತಿತ್ತು. ಇಬ್ಬರೂ ಮೂಲವನ್ನೂ ಕೇಳಿರುತ್ತಿದ್ದರು, ನನ್ನದನ್ನೂ ಕೇಳುತ್ತಿದ್ದರು, ಮತ್ತು ಉತ್ತರ ಕೊಡುತ್ತಿದ್ದದ್ದು ನನ್ನದಕ್ಕೆ. ಈಗ ನಾನು ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ, ಮನೆಯಲ್ಲಿ ತೆಲುಗು ಆಡಿ ಬರುವ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಆ ಕಸುಬಿನ ಮೊದಲ ಪಾಠ ನಡೆದದ್ದು ಸೊಪ್ಪಿನ ಕುಕ್ಕೆಗಳ ನಡುವೆ.

ಅತ್ತೆ ಆ ಮೂಲೆಯಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗಳ ಬಿಲ್ಲಿನ ತಲೆಬರಹ ಮಾಡಿಕೊಡುತ್ತಿದ್ದಳು. ಕಂಪ್ಯೂಟರು ಶುರುವಾಗುವ ಹೊತ್ತು ನನಗೆ ಬಲು ಇಷ್ಟ. ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೂಲೆಯಲ್ಲಿ ಒಂದು ಅಂಕಿ ಟಿಕ್ ಟಿಕ್ ಎನ್ನುತ್ತ ಏರುತ್ತಿತ್ತು. ತನ್ನಲ್ಲಿ ಎಷ್ಟು ಮೆಮೊರಿ ಇದೆಯೆಂದು ಅದು ಪ್ರತಿದಿನ ಎಣಿಸಿ ನೋಡಿಕೊಳ್ಳುತ್ತದೆ ಅಂತ ಅತ್ತೆ ಹೇಳಿದ್ದಳು. ನಾಲ್ಕು ಎಂ.ಬಿ.ಗೆ ಬಂದು ನಿಲ್ಲುತ್ತಿತ್ತು. ಹಳೆಯ ಯಂತ್ರ ಅದು, ಆಗಲೇ ಹಳೆಯದು. ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ದೊಡ್ಡವು ಬಂದಿದ್ದವು. ಒಂದು ಬೆಳೆ ಹುಳ ಗೂಡು ಕಟ್ಟಿ ಹೋದ ಮೇಲೆ ತಾತ ಕೋಣೆಗೆ ಬ್ಲೀಚಿಂಗ್ ಪೌಡರು ಹೊಡೆಯುತ್ತಿದ್ದ. ಆಗ ಕಂಪ್ಯೂಟರನ್ನು ಜಗಲಿಗೆ ಹೊತ್ತು ತರಬೇಕು. ಹೊತ್ತು ತಂದರೂ ಆ ಘಾಟಿಗೆ ಮೆಮೊರಿ ಪಟ್ಟಿಗಳ ಹಲ್ಲು ಕಪ್ಪಿಡುತ್ತಿತ್ತು. ಅತ್ತೆ ಡಬ್ಬ ಬಿಚ್ಚಿ, ಬೆರಳುದ್ದದ ಆ ಹಸಿರು ಪಟ್ಟಿಗಳನ್ನು ಹೊರತೆಗೆದು, ನನ್ನ ಪೆನ್ಸಿಲ್ಲಿನ ರಬ್ಬರಿನಿಂದ ಮೆಲ್ಲಗೆ ತಿಕ್ಕುತ್ತಿದ್ದಳು. ಹಾಗೆ ತಿಕ್ಕುವಾಗ ಅವಳ ಮುಖದ ಬಿಗುವು ಸಡಿಲವಾಗುತ್ತಿತ್ತು. ಮಗುವಿನ ಉಗುರು ಕತ್ತರಿಸುವವರ ಮುಖದಂತೆ.

ಹಾಡುಗಳ ವಿಷಯ ಬಂದದ್ದು ಅವಳಿಗೆ ಬೇರೆ ಕೆಲಸವಿಲ್ಲದ ಆಷಾಢದಲ್ಲಿ. ಮದುವೆ ಇಲ್ಲ, ಕಾರ್ಡಿಲ್ಲ. ಸುಮ್ಮನೆ ಕೂರಲಾಗದೆ, ಚಿಕ್ಕಂದಿನಿಂದ ಕೇಳಿದ ಭಜನೆಯ ಹಾಡೊಂದನ್ನು ಟೈಪು ಮಾಡಿದಳು. ದೇವರು ಬೇಟೆಗೆ ಹೋಗಿ ದಾರಿ ತಪ್ಪಿ, ಊರೂರು ಅಲೆದು, ಸಿಕ್ಕಿದವರನ್ನೆಲ್ಲ ದಾರಿ ಕೇಳುತ್ತ, ಬೆಳಗಿನ ಹೊತ್ತಿಗೆ ಮನೆ ಸೇರುವ ಕಥೆ ಅದು. ನಮ್ಮೂರಲ್ಲಿ ಅದಕ್ಕೆ ದೊಡ್ಡ ಹಾಡು ಅನ್ನುತ್ತಿದ್ದರು. ಅವಳು ಮಾಡಿದ್ದು ಅದರ ಮೊದಲ ಕೆಲವು ನುಡಿ ಮಾತ್ರ. ನನ್ನನ್ನು ಪರದೆಯ ಮುಂದೆ ಕೂರಿಸಿ ಜೋರಾಗಿ ಓದು ಅಂದಳು. ಹುಳ ಎರಡನೆಯ ಜ್ವರಕ್ಕೆ ಕೂತಿತ್ತು, ಕೋಣೆ ನಿಶ್ಶಬ್ದ. ತಾತ ಅಟ್ಟಣೆಗೆ ಒರಗಿ ಕಣ್ಣುಮುಚ್ಚಿದ್ದ. ದೇವರು ಕೆರೆಯ ಏರಿ ಮೇಲೆ ಬಂದ ಅಂತ ಓದಿದೆ. ತಾತ ಕಣ್ಣು ಬಿಟ್ಟ.

"ಏರಿ ಅಲ್ಲ ಅಂತೇಳು. ಕೋಡಿ. ಏರಿ ಮೇಲೆ ಬಂದ್ರೆ ನೆಟ್ಟಗೆ ಊರಿಗೇ ಬರ್ತಾನೆ. ದಾರಿ ತಪ್ಪೋದೆಂಗೆ?"

"ಮುಂದಿನ ಸಾಲು ಏನು ಅಂತ ಕೇಳು," ಅಂದಳು ಅತ್ತೆ, ಅವನ ಕಡೆ ತಿರುಗದೆ.

ತಾತ ಸಣ್ಣ ದನಿಯಲ್ಲಿ ಹಾಡಿದ. ಅತ್ತೆಯ ಬೆರಳುಗಳು ಹಿಂದೆಯೇ ಓಡಿದವು. ಅವಳು ಏರಿ ಅಂತ ಬೇಕೆಂದೇ ತಪ್ಪು ಮಾಡಿದ್ದಳೋ, ನಿಜವಾಗಿ ಮರೆತಿದ್ದಳೋ ನನಗೆ ಗೊತ್ತಿಲ್ಲ. ಕೇಳಿದರೆ ಈಗಲೂ ನಗುತ್ತಾಳೆ.

ಅಲ್ಲಿಂದ ಹುಳ ಜ್ವರಕ್ಕೆ ಕೂತಾಗಲೆಲ್ಲ ಹಾಡು. ಮೇವು ಹಾಕುವ ಕೆಲಸವಿಲ್ಲದ ಆ ಹಗಲುಗಳಲ್ಲಿ ತಾತ ಗೋಣಿತಾಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ನನ್ನ ಕಡೆ ನೋಡಿಕೊಂಡು ಹಾಡುತ್ತಿದ್ದ. ಅವನಿಗೆ ಬೆನ್ನು ಮಾಡಿ ಅತ್ತೆ ಟೈಪು ಮಾಡುತ್ತಿದ್ದಳು. ಹಾಡು ಹೇಳುವಾಗ ನನ್ನ ದಾಟಿಸುವ ಕೆಲಸ ಬೇಕಾಗುತ್ತಿರಲಿಲ್ಲ. ಹಾಡು ನಿಂತ ಕೂಡಲೇ ಮತ್ತೆ "ಲಲ್ಲೀ, ಅವಳಿಗೇಳು" ಶುರು. ಗೋಣಿಯ ಸಂದಿಯಿಂದ ಬಿಸಿಲಿನ ಎಳೆಗಳು ತಟ್ಟೆಗಳ ಮೇಲೆ ಬಿದ್ದು, ತಲೆಯೆತ್ತಿ ಕೂತ ಹುಳಗಳು ಹಾಡು ಕೇಳುತ್ತಿರುವ ಹಾಗೆ ಕಾಣುತ್ತಿದ್ದವು. ನಾನು ಅದನ್ನು ನಿಜವೆಂದೇ ನಂಬಿದ್ದೆ. ಅಜ್ಜಿ ಬಾಗಿಲ ಹೊರಗೆ ಹುರುಳಿ ಕೇರುವ ನೆಪ ಮಾಡಿಕೊಂಡು ಕೂತಿರುತ್ತಿದ್ದಳು. ಮೊರದ ಸದ್ದು ಎಷ್ಟೋ ಹೊತ್ತು ಕೇಳಿಸುತ್ತಲೇ ಇರಲಿಲ್ಲ.

ಸಣ್ಣ ಹಾಡುಗಳೆಲ್ಲ ಸಲೀಸಾಗಿ ಮುಗಿದವು. ದೊಡ್ಡ ಹಾಡಿಗೆ ಬಂದಾಗ ತೊಡಕಾಯಿತು. ದೇವರು ಕುದುರೆ ಕಳೆದುಕೊಂಡು ನಡೆಯಲು ಶುರು ಮಾಡುವ ಜಾಗ. ಅಲ್ಲಿ ಪರದೆಯ ಕೆಳಗೆ ಒಂದು ಇಂಗ್ಲಿಷ್ ಸಾಲು ಮೂಡಿತು, ಜಾಗ ಸಾಲದು ಅಂತ. ಅತ್ತೆ ಇನ್ನೊಂದು ಅಕ್ಷರ ಒತ್ತಿದಳು. ಎಲ್ಲ ನಿಂತುಹೋಯಿತು. ಸ್ವಿಚ್ ಆರಿಸಿ ಹಾಕಿದರೆ ಬೆಳಗಿನಿಂದ ಹಾಡಿದ್ದು ಒಂದು ಸಾಲೂ ಉಳಿದಿರಲಿಲ್ಲ. ತಾತ ಮರುದಿನ ಮತ್ತೆ ಹಾಡಿದ. ಮತ್ತೆ ಅದೇ ಜಾಗದಲ್ಲಿ ಅದೇ ಸಾಲು ಬಂತು. ಈ ಸಲ ಅವಳು ಮುಂಚೆಯೇ ಉಳಿಸಿಟ್ಟಿದ್ದಳು.

"ಲಲ್ಲೀ, ತಾತಂಗೇಳು. ಇಲ್ಲೀಗಂಟ ಒಂದು, ಇಲ್ಲಿಂದ ಮುಂದಕ್ಕೆ ಇನ್ನೊಂದು ಅಂತ ಬೇರೆ ಬೇರೆ ಇಟ್ಕೊಳ್ಳಣ."

ತಾತನ ಮುಖ ಕೆಂಪಾಯಿತು.

"ದೇವ್ರು ದಾರೀಲಿರೋವಾಗ ಹಾಡು ತುಂಡು ಮಾಡ್ಬಾರ್ದು ಅಂತೇಳು. ಮನೆ ಸೇರೋಗಂಟ ಒಂದೇ ಹಾಡು ಅದು. ಆಗಲ್ಲ ಅಂದ್ರೆ ಬೇಡ್ವೇ ಬೇಡ."

ಆ ಮಾತಿನ ಮುಳ್ಳು ತೆಗೆಯುವುದು ಹೇಗೆಂದು ನನಗೆ ತೋಚಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ತಾತ ಎದ್ದು ತೋಟಕ್ಕೆ ಹೋಗಿಬಿಟ್ಟಿದ್ದ. ಆ ಸಂಜೆ ಅತ್ತೆ ಊಟಕ್ಕೇ ಬರಲಿಲ್ಲ. ತಟ್ಟೆ ತೆಗೆದುಕೊಂಡು ಹೋದ ಅಮ್ಮ, ಹೂವಿನ ಜಗಳವನ್ನೆಲ್ಲ ಮರೆತವಳಂತೆ, ಅವಳ ಪಕ್ಕದಲ್ಲೇ ಕೂತು ಬಹಳ ಹೊತ್ತು ಏನೋ ಮಾತಾಡಿದಳು. ನಾನು ಹತ್ತಿರ ಹೋದರೆ ಸುಮ್ಮನಾದರು. ಆದರೆ ಅತ್ತೆ ಅಂದ ಒಂದು ಮಾತು ಕಿವಿಗೆ ಬಿದ್ದಿತ್ತು.

"ಹಾಡು ನಿಂತೋದ್ರೆ ಅಪ್ಪನ ದನೀನೂ ನಿಂತೋಗತ್ತೆ ಅತ್ಗೆ, ನನ್ ಪಾಲಿಗೆ."

ಯಂತ್ರಕ್ಕೆ ಮೆಮೊರಿ ಹೆಚ್ಚಿಸಿದರೆ ಆದೀತು ಎಂದು ಅವಳು ಬೆಂಗಳೂರಿಗೆ ಹೊರಟಳು, ನನ್ನನ್ನೂ ಕರೆದುಕೊಂಡು. ನಂದಿಯ ಕಡೆಯ ಬೆಟ್ಟಗಳು ಬಸ್ಸಿನ ಕಿಟಕಿಯಲ್ಲಿ ಒಂದೊಂದಾಗಿ ತಿರುಗಿ ಹಿಂದೆ ಸರಿದವು; ಸ್ಕಂದಗಿರಿಯ ತುದಿಗೆ ಮೋಡ ಅಂಟಿಕೊಂಡಿತ್ತು. ಎಸ್.ಪಿ. ರೋಡಿನ ಒಂದು ಗೂಡಂಗಡಿಯಲ್ಲಿ, ಛಾವಣಿಯವರೆಗೆ ಹಳೆಯ ಯಂತ್ರಗಳ ಒಳಗರುಳು ನೇತುಹಾಕಿದ್ದ ಅಂಗಡಿಯವನು, ಅವಳು ತಂದಿದ್ದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಈ ಹಳೆಯ ಬೋರ್ಡಿಗೆ ಒಂದೊಂದೇ ಹಾಕಿದರೆ ಅದು ಒಪ್ಪುವುದಿಲ್ಲ, ಪಟ್ಟಿ ಕೂರುವ ನಾಲ್ಕೂ ಮನೆಗೆ ನಾಲ್ಕೂ ಒಂದೇ ಅಳತೆಯವು ಬೇಕು, ಹದಿನಾರು ಎಂ.ಬಿ.ಗಿಂತ ಮೇಲೆ ಅದಕ್ಕೆ ದಕ್ಕುವುದೂ ಇಲ್ಲ ಅಂದ. ಹುಡುಕಿ ನಾಲ್ಕು ಕೊಟ್ಟ. ಅತ್ತೆ ಅವನ್ನು ಕರ್ಚೀಫಿನಲ್ಲಿ ಕಟ್ಟಿ ರವಿಕೆಯೊಳಗೆ ಇಟ್ಟುಕೊಂಡಳು. ಬರುವಾಗ ಬಸ್ಸಿನಲ್ಲಿ ನಾನು ಅವಳ ಹೆಗಲಿಗೆ ಒರಗಿ ನಿದ್ದೆ ಹೋದೆ. ಕನಸಿನಲ್ಲಿ ದೇವರು ಕುದುರೆ ಹುಡುಕಿಕೊಂಡು ನಮ್ಮ ಬಸ್ಸಿನ ಜೊತೆಗೇ ನಡೆಯುತ್ತಿದ್ದ.

ಮರುದಿನ ಬೆಳಿಗ್ಗೆ ಮನೆಯವರೆಲ್ಲ ಹುಳುಮನೆಯಲ್ಲಿ ನೆರೆದರು. ಅಂಕಿ ಏರತೊಡಗಿತು. ನಾಲ್ಕಕ್ಕೆ ನಿಲ್ಲಲಿಲ್ಲ. ಎಂಟು ದಾಟಿತು. ಅಜ್ಜಿ ಕೈಮುಗಿದಳು. ಹದಿನಾರಕ್ಕೆ ಬಂದು ನಿಂತಾಗ ಅಪ್ಪ ಚಪ್ಪಾಳೆ ತಟ್ಟಿ, ಹುಳ ಹೆದರೀತೆಂದು ನಡುವೆಯೇ ನಿಲ್ಲಿಸಿದ. ತಾತ ದೂರ ಅಟ್ಟಣೆಯ ಹಿಂದೆ ತಟ್ಟೆ ಸರಿಸುತ್ತಿದ್ದ. ಅವನೂ ಸದ್ದು ನಿಲ್ಲಿಸಿ ಕಿವಿಗೊಟ್ಟದ್ದು ನನಗೆ ಗೊತ್ತಾಯಿತು. ಅತ್ತೆ ದೊಡ್ಡ ಹಾಡು ತೆಗೆದು, ಮುಂದಿನ ನುಡಿಯನ್ನು ತನಗೆ ಬಂದ ಹಾಗೆ ಟೈಪು ಮಾಡಿದಳು. ಅದೇ ಜಾಗ. ಅದೇ ಇಂಗ್ಲಿಷ್ ಸಾಲು.

ಎಲ್ಲರೂ ಒಬ್ಬೊಬ್ಬರಾಗಿ ಹೊರಗೆ ಹೋದರು. ಅತ್ತೆ ಸೀರೆ ಬದಲಿಸಿ, ಶಿಡ್ಲಘಟ್ಟಕ್ಕೆ ಹೋಗಿ, ಎಸ್‌ಟಿಡಿ ಬೂತಿನಿಂದ ಗೌರಿಬಿದನೂರಿನ ಪ್ರೆಸ್ಸಿಗೆ ಫೋನು ಮಾಡಿ ಬಂದಳು. ತಾನು ಬಿಟ್ಟು ಬಂದ ಆ ಊರಿಗೆ ಅವಳು ಮಾಡಿದ ಮೊದಲ ಫೋನು ಅದು. ಬಂದವಳು ನನ್ನನ್ನು ಕೂರಿಸಿಕೊಂಡು ವಿಷಯ ಬಿಡಿಸಿ ಹೇಳಿದಳು, ಅಟ್ಟಣೆಯ ಆಚೆಗೂ ಕೇಳಿಸುವಷ್ಟು ಜೋರಾಗಿ.

"ಈ ಕನ್ನಡ ಟೈಪಿನ ಪ್ರೋಗ್ರಾಂ ಇದೆಯಲ್ಲ, ಇದು ಹಳೇ ಕಾಲದ್ದು. ಯಂತ್ರದಲ್ಲಿ ಎಷ್ಟೇ ಮೆಮೊರಿ ಇರ್ಲಿ, ಮೊದಲ್ನೇ ಆರುನೂರ ನಲವತ್ತು ಕೆ.ಬಿ. ಒಳಗೇ ಇದರ ಸಂಸಾರ. ಒಂದು ಎಂ.ಬಿ. ಕೂಡ ಆಗಲ್ಲ ಅದು. ನಮ್ಮನೆ ಜಗಲಿ ಇದ್ದಂಗೆ ಅನ್ಕೋ. ಹಿಂದ್ಗಡೆ ನಾವು ಎಷ್ಟು ಕೋಣೆ ಕಟ್ಸಿದ್ರೂ ಬಂದೋರು ಜಗಲೀಲೇ ಕೂರೋದು. ನಾನು ತಂದಿದ್ದೆಲ್ಲ ಹಿಂದಿನ ಕೋಣೆ ಆಯ್ತು ಕಣೇ."

ಅವತ್ತು ಹುಳ ನಾಲ್ಕನೆಯ, ಕೊನೆಯ ಜ್ವರಕ್ಕೆ ಕೂತಿತ್ತು. ಒದ್ದೆ ಗೋಣಿಯಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳಿಸುತ್ತಿತ್ತು.

"ಲಲ್ಲೀ, ತಾತಂಗೇಳು. ದೊಡ್ಡ ಹಾಡು ಇದ್ರಲ್ಲಿ ಹಿಡ್ಸಲ್ಲ. ನನ್ ಕೈಲಾಗಿದ್ದು ಮಾಡ್ದೆ. ಬಿಟ್ಬಿಡಣ."

ತಾತ ಅಟ್ಟಣೆಯ ಹಿಂದಿನಿಂದ ಬಂದು ಗೋಣಿತಾಟಿನ ಮೇಲೆ ಕೂತ. ನಾನು ಅವಳ ಮಾತನ್ನು ದಾಟಿಸಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ.

"ಎಷ್ಟು ಹಿಡ್ಸತ್ತಮ್ಮ ಅದು?"

ಅದನ್ನು ಅತ್ತೆಗೆ ಹೇಳಬೇಕೆಂದು ತಿರುಗಿದವಳು ಅಲ್ಲೇ ನಿಂತೆ. ಅವನು ನನ್ನನ್ನು ಕೇಳಿರಲಿಲ್ಲ. ಅತ್ತೆಯ ಬೆನ್ನು ಕಂಬಿಯಂತೆ ನೆಟ್ಟಗಾಯಿತು. ಅವಳು ತಿರುಗಲಿಲ್ಲ.

"ದೇವ್ರು ಕುದುರೆ ಕಳ್ಕೊಂಡು ನಡ್ಯೋಕೆ ಶುರು ಮಾಡ್ತಾನಲ್ಲಪ್ಪ. ಅಲ್ಲೀಗಂಟ."

ತಾತ ಕಣ್ಣುಮುಚ್ಚಿ, ತುಟಿಯಲ್ಲೇ, ಮೊದಲಿಂದ ಹಾಡಿಕೊಳ್ಳುತ್ತ ಹೋದ. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಒಂದು ಕಡೆ ನಿಂತಿತು.

"ಅಲ್ಲಿ ನಿಲ್ಸೋದು ತಪ್ಪು. ಅದಕ್ಕೂ ಮುಂಚೆ, ಕೆರೆ ಹತ್ರ ಬರ್ತಾನಲ್ಲ, ಅಲ್ಲಿ ನಿಲ್ಸು. ನಾವೂ ಅಲ್ಲೇ ನಿಲ್ಲಿಸ್ತೀವಿ. ತಾಳ ಕೆಳಗಿಟ್ಟು ನೀರು ಕುಡೀತೀವಿ."

"ಯಾವಾಗ್ಲೂನಾ?"

"ನಮ್ಮಪ್ಪನ ಕಾಲ್ದಿಂದ್ಲೂ. ಗಂಟ್ಲು ಒಣಗೋದು ಅಲ್ಲೇ. ಆಮೇಲೆ ಕುರುಬನ್ನ ದಾರಿ ಕೇಳೋವಾಗ ಒಂದ್ಸಲ. ಮಂಟಪದಲ್ಲಿ ಮಲಗ್ತಾನಲ್ಲ, ಆಗ ಒಂದ್ಸಲ."

"ತುಂಡು ಮಾಡ್ಬಾರ್ದು ಅಂದ್ಯಲ್ಲಪ್ಪ?"

"ತುಂಡು ಮಾಡೋದು ಬೇರೆ, ನೀರು ಕುಡಿಯೋದು ಬೇರೆ ಕಣಮ್ಮ."

ಅತ್ತೆ ಎದ್ದಳು. ಅವಳ ಮುಖ ನನಗೆ ಕಾಣದ ಹಾಗೆ ಹೊರಗೆ ಹೋಗಿ, ಚೊಂಬಿನಲ್ಲಿ ನೀರು ತಂದಳು. ಅವನ ಮುಂದೆ ಇಡಲಿಲ್ಲ, ಹಿಡಿದುಕೊಂಡೇ ನಿಂತಳು. ತಾತ ಕೈ ಚಾಚಿ ತೆಗೆದುಕೊಂಡು, ತಲೆಯೆತ್ತಿ, ಪೂರ್ತಿ ಕುಡಿದ. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹಾಡಲು ಶುರು ಮಾಡಿದ. ನಾನು ನೆಲದ ಮೇಲೆ ಮಲಗಿ ಸೂರು ನೋಡುತ್ತಿದ್ದೆ. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಎಷ್ಟೋ ದಿನದಿಂದ ಹೊತ್ತಿದ್ದ ಸೊಪ್ಪಿನ ಹೊರೆ ಇಳಿಸಿದ ಹಾಗೆ ಮೈ ಹಗುರವಾಗಿ, ಜೊತೆಗೆ ಒಂದಿಷ್ಟು ದುಃಖವೂ ಆಗಿ, ಹಾಡಿನ ನಡುವೆಯೇ ನಿದ್ದೆ ಬಂದುಬಿಟ್ಟಿತು.

ನೀರು ಕುಡಿಯುವ ಜಾಗಗಳಿಗೆ ಸರಿಯಾಗಿ ಹಾಡು ನಾಲ್ಕು ಫ಼ೈಲುಗಳಲ್ಲಿ ಕೂತಿತು. ಕೊನೆಯ ಭಾಗ ಮಾತ್ರ ಒಂದಿಷ್ಟು ಉದ್ದ. ದೇವರು ಮಂಟಪದಿಂದ ಎದ್ದು ಮನೆ ಸೇರುವ ತನಕ ತಂಡದವರು ಎಲ್ಲೂ ಉಸಿರು ತೆಗೆಯುವುದಿಲ್ಲ, ಅಲ್ಲಿ ನಿಲ್ಲಿಸುವಂತಿಲ್ಲ ಅಂದ ತಾತ. ಆಗ ಬೆಂಗಳೂರಿನಿಂದ ತಂದದ್ದು ಕೆಲಸಕ್ಕೆ ಬಂತು. ಯಂತ್ರ ತನ್ನ ಪಾಡಿಗೆ ಮಾಡಿಕೊಳ್ಳುವ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಅತ್ತೆ ಜಗಲಿಯಿಂದ ಎಬ್ಬಿಸಿ ಹಿಂದಿನ ಕೋಣೆಗಳಿಗೆ ಕಳಿಸಿದಳು. ಅದೂ ಸಾಲದೆ ಮೌಸನ್ನು ತೆಗೆದು ಪಕ್ಕಕ್ಕಿಟ್ಟಳು. ಅದಕ್ಕೆ ಬೇಕಾದ ಜಾಗವೂ ಹಾಡಿಗೆ ಬಂತು. ದೇವರು ಮನೆಯ ಹೊಸ್ತಿಲು ದಾಟಿದ ಸಾಲು ಮೂಡಿದಾಗ ಇನ್ನು ಒಂದೆರಡು ನುಡಿಗೆ ಜಾಗ ಉಳಿದಿತ್ತು ಎಂದು ಅತ್ತೆ ಹೇಳುತ್ತಾಳೆ.

ಇದಾದ ಮೇಲೆ ತಾತ ಅವಳ ಜೊತೆ ಎಲ್ಲವನ್ನೂ ಮಾತಾಡಿಬಿಟ್ಟ ಅಂತಲ್ಲ. ಗೌರಿಬಿದನೂರಿನ ಮಾತನ್ನು ಅವನು ಸಾಯುವವರೆಗೂ ಎತ್ತಲಿಲ್ಲ. ಆದರೆ ಮಧ್ಯಾಹ್ನ ಊಟಕ್ಕೆ ಕೂತವನು "ವನಜಂಗೂ ಹಾಕ್ರಮ್ಮ ಜೊತೇಲೇ" ಅಂದ. ಅಮ್ಮ ಒಂದು ತಟ್ಟೆ ಜಾಸ್ತಿ ಇಟ್ಟಳು. ಪುಸ್ತಕವೂ ಆಯಿತು. ಅತ್ತೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ತೆಗೆದು, ಶಿಡ್ಲಘಟ್ಟದಲ್ಲಿ ಜೆರಾಕ್ಸ್ ಮಾಡಿಸಿ, ಅಜ್ಜಿ ದಬ್ಬಳದಲ್ಲಿ ಹೊಲಿದುಕೊಟ್ಟ ಪುಸ್ತಕ. ಒಂದು ಫ಼ೈಲು ಮುಗಿದು ಇನ್ನೊಂದು ಶುರುವಾಗುವಲ್ಲಿ ಹಾಳೆಯ ಮೇಲೆ ನಾಲ್ಕು ಬೆರಳಷ್ಟು ಜಾಗ ಖಾಲಿ ಉಳಿದಿತ್ತು. ಯಾರೂ ಅದನ್ನು ತಪ್ಪೆನ್ನಲಿಲ್ಲ.

ಅತ್ತೆ ಈಗ ಶಿಡ್ಲಘಟ್ಟದಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾಳೆ. ಹೊಸ ಯಂತ್ರಗಳಿವೆ, ಕೆಲಸಕ್ಕೆ ಹೆಣ್ಣುಮಕ್ಕಳಿದ್ದಾರೆ. ಹಳೆಯದು ಒಳಕೋಣೆಯಲ್ಲಿದೆ, ನಡೆಯುತ್ತದೆ. ಆ ಹಳೆಯ ಪ್ರೋಗ್ರಾಮಿನ ಅಕ್ಷರಗಳನ್ನು ಹೊಸವು ಓದುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಅದನ್ನು ಶುರು ಮಾಡಿ, ಅಂಕಿ ಹದಿನಾರಕ್ಕೆ ಬರುವ ತನಕ ಎದುರಿಗೆ ಕೂತಿರುತ್ತಾಳೆ.

ಈಚೆಗೆ ನನ್ನ ಜೊತೆ ಕೆಲಸ ಮಾಡುವ ಟೀಚರೊಬ್ಬರ ಹೊಸಮನೆಯ ಗೃಹಪ್ರವೇಶಕ್ಕೆ ಗೌರಿಬಿದನೂರಿನ ಹತ್ತಿರದ ಹಳ್ಳಿಗೆ ಹೋಗಬೇಕಾಯಿತು. ಸುಮ್ಮನೆ ಕೇಳಿದೆ, ಬರ್ತೀಯಾ ಅತ್ತೆ ಅಂತ. ಬರ್ತೀನಿ ನಡಿ ಅಂದಳು, ಏನೂ ವಿಶೇಷವಿಲ್ಲವೆಂಬಂತೆ. ಊಟವಾದ ಮೇಲೆ ಆ ಊರಿನ ಹೆಂಗಸರ ಭಜನೆ ಇತ್ತು. ಮುಂದೆ ಕೂತ ಹುಡುಗಿಯ ತೊಡೆಯ ಮೇಲೆ ಜೆರಾಕ್ಸಿನ ಜೆರಾಕ್ಸು, ಅಕ್ಷರಗಳ ಅಂಚೆಲ್ಲ ಮಸಕಾಗಿತ್ತು. ಆದರೂ ನಾನು ಗುರುತು ಹಿಡಿದೆ, ಅತ್ತೆಯೂ ಹಿಡಿದಳು. ಆ ಪುಸ್ತಕ ಎಷ್ಟು ಕೈ ದಾಟಿ ಅಲ್ಲಿಗೆ ಬಂದಿತ್ತೋ. ದೊಡ್ಡ ಹಾಡು ಶುರುವಾಯಿತು. ದನಿ ಬೇರೆ, ರಾಗವೂ ಸ್ವಲ್ಪ ಬೇರೆ. ದೇವರು ಕೆರೆಯ ಹತ್ತಿರ ಬಂದ. ಎಲ್ಲ ತಾಳಗಳೂ ಒಟ್ಟಿಗೇ ನಿಂತವು. ಹೆಂಗಸರು ತಲೆ ತಗ್ಗಿಸಿ, ಏನೋ ಪೂಜೆಯೆಂಬಂತೆ, ಹಾಳೆಯ ಮೇಲಿನ ಆ ಖಾಲಿ ಜಾಗದಷ್ಟು ಹೊತ್ತು ಸುಮ್ಮನೆ ಕೂತರು.

ಅತ್ತೆ ಎದ್ದು, ಬಾಗಿಲ ಪಕ್ಕದ ಬಿಂದಿಗೆಯಿಂದ ಒಂದು ಚೊಂಬು ನೀರು ಬಗ್ಗಿಸಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಮುಂದಿನ ಹುಡುಗಿಗೆ ಕೊಟ್ಟಳು.

"ಇಲ್ಲಿ ನೀರು ಕುಡೀಬೇಕು ಕಣಮ್ಮ. ಕುಡಿ."

ಹುಡುಗಿ ಪುಸ್ತಕ ನೋಡಿದಳು, ಅತ್ತೆಯನ್ನು ನೋಡಿದಳು.

"ಇದ್ರಲ್ಲಿ ಹಂಗೇನೂ ಬರ್ದಿಲ್ವಲ್ಲ ಆಂಟಿ?"

"ಬರ್ದಿಲ್ಲ," ಅಂದಳು ಅತ್ತೆ. "ಜಾಗ ಇರ್ಲಿಲ್ಲ."

ಹುಡುಗಿ ಕುಡಿದು ಚೊಂಬನ್ನು ಪಕ್ಕದವಳಿಗೆ ಕೊಟ್ಟಳು.